ಮುಚ್ಚಿದ ಬಾಯಿಗೆ ಬಾಲ ಬಿಡಬಾರದು

ಕಾಮಿಕ್ಸ್ ಪುಸ್ತಕಗಳಿಗೆ ಅಕ್ಷರ ತುಂಬುವ ಕೆಲಸಕ್ಕೆ ಹೊಸದಾಗಿ ಬಂದವರು ಆಗಾಗ ನನಗೆ ಫೋನು ಮಾಡುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಸರ್, ಯಾವ ಫಾಂಟ್ ಹಾಕೋದು?" ಫಾಂಟಿನ ವಿಚಾರ ಆಮೇಲೆ, ಮೊದಲು ಚಿತ್ರದಲ್ಲಿರುವವರ ಬಾಯಿ ತೆರೆದಿದೆಯೋ ಮುಚ್ಚಿದೆಯೋ ನೋಡಿದಿರಾ ಅಂತ ಕೇಳುತ್ತೇನೆ. ಮುದುಕನಿಗೆ ಅರಳು ಮರಳು ಅಂದುಕೊಳ್ಳುತ್ತಾರೋ ಏನೋ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಕೆಲಸದಲ್ಲಿ ನಾನು ಎಷ್ಟು ಮೇಲೆ ಹೋದೆ ಅಂತ ಕೇಳಬೇಡಿ. ಹೋಗಲು ಮೇಲೆ ಅಂತ ಒಂದು ಮೆಟ್ಟಿಲೂ ಇರಲಿಲ್ಲ. ಶುರುವಿನಲ್ಲಿ 'ಅಕ್ಷರ: ಧರ್ಮಣ್ಣ' ಅಂತ ಒಳಪುಟದಲ್ಲಿ ಸಣ್ಣಗೆ ಹಾಕುತ್ತಿದ್ದರು. ಕೊನೆಯ ಪುಸ್ತಕದಲ್ಲೂ ಅಷ್ಟೇ ಸಣ್ಣಗೆ ಹಾಕಿದರು.

ನಾನು ಅಕ್ಷರ ಕಲಿತದ್ದು ಕಾಫಿ ಮೂಟೆಯ ಮೇಲೆ. ನನ್ನ ಸೋದರಮಾವ ಗೋಣಿಬೀಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರು, ಅಂದರೆ ಹಾಜರಿ, ತೂಕ ಬರೆದುಕೊಳ್ಳುವ ಗುಮಾಸ್ತರು. ಮೂಟೆಗಳ ಮೇಲೆ ಎಸ್ಟೇಟಿನ ಹೆಸರು ಒತ್ತುವ ತಗಡಿನ ಅಚ್ಚು ಒಂದು ವರ್ಷ ಮುರಿದುಹೋಯಿತು. ಲಾರಿ ಅಂಗಳದಲ್ಲಿ ನಿಂತಿತ್ತು. ಮಾವ ನನ್ನ ಕೈಗೆ ಕುಂಚ ಕೊಟ್ಟು, "ಬರಿ ನೋಡಾಣ" ಅಂದರು. ಗೋಣಿಯ ಒರಟು ನಾರಿನ ಮೇಲೆ ದುಂಡಗೆ ಬರೆಯಬಲ್ಲವನಿಗೆ ಕಾಗದ ಅಂದರೆ ಬೆಣ್ಣೆ. ಮಾತು ಕಲಿತದ್ದು ಮಾತ್ರ ಅಜ್ಜಿಯಿಂದ. ಅಜ್ಜಿ ಕಥೆ ಹೇಳುತ್ತ ಹೇಳುತ್ತ, ಸರಿಯಾಗಿ ಹುಲಿ ಎದುರಿಗೆ ಬಂದಾಗ, ಮಾತು ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಲು ಕೂರುತ್ತಿದ್ದಳು. ನಮ್ಮ ಎದೆ ಹೊಡೆದುಕೊಳ್ಳುತ್ತಿದ್ದದ್ದು ಹುಲಿಗಲ್ಲ, ಆ ಸುಣ್ಣ ಹಚ್ಚುವ ಹೊತ್ತಿಗೆ. ಮೌನ ಅಂದರೆ ಏನು ಅಂತ ಅವಳು ಹಾಗೆ ಕಲಿಸಿದಳು, ಕಲಿಸುತ್ತಿದ್ದೇನೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಮಕ್ಕಳ ಚಿತ್ರಪುಸ್ತಕ ಹಾಕುವ ಒಂದು ಪ್ರಕಾಶನಕ್ಕೆ ಕೆಲಸಕ್ಕೆ ಸೇರಿದಾಗ ನನಗೆ ಕೈ ಹಿಡಿದು ಕಲಿಸಿದವರು ಮೂರ್ತಿಯವರು. ಆಗ ಅವರೂ ಅಕ್ಷರ ಬರೆಯುವವರೇ, ಸಂಪಾದಕರಾದದ್ದು ಆಮೇಲೆ. ಅವರ ಮೊದಲ ಪಾಠ ಹೀಗಿತ್ತು. ಪುಟ ಬಂದ ತಕ್ಷಣ ಮಾತಿನ ಹಾಳೆ ನೋಡಬೇಡ. ಮಾತು ತುಂಬುವ ಬಲೂನುಗಳು ಖಾಲಿ ಇರುವಾಗಲೇ ಚಿತ್ರ ಓದು. ಬಲೂನಿನಿಂದ ಮಾತಾಡುವವರ ಬಾಯಿಯ ಕಡೆಗೆ ಒಂದು ಬಾಲ ಬಿಡುತ್ತೇವಲ್ಲ, ಅದನ್ನು ಬಿಡುವ ಮೊದಲು ಆ ಬಾಯಿ ನೋಡು. "ಮುಚ್ಚಿದ ಬಾಯಿಗೆ ಬಾಲ ಬಿಡಬಾರದು ಧರ್ಮ. ಬಿಟ್ಟೆಯೋ, ಆ ಮಾತು ಅವರದ್ದಲ್ಲ ಅಂತ ಓದೋನಿಗೆ ಗೊತ್ತಾಗಿಬಿಡುತ್ತೆ. ಯಾಕೆ ಅಂತ ಗೊತ್ತಾಗಲ್ಲ, ಆದ್ರೆ ಪುಸ್ತಕದ ಮೇಲಿನ ನಂಬಿಕೆ ಹೋಗಿಬಿಡುತ್ತೆ." ಈ ಮಾತು ಹೇಳಿದವರು ಮೂರ್ತಿಯವರೇ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಮದುವೆಯಾದ ಮೇಲೆ ನಾನು ಮೂಡಿಗೆರೆಗೆ ವಾಪಸು ಬಂದೆ. ಕೆಲಸ ಬಸ್ಸಿನಲ್ಲಿ ಬರತೊಡಗಿತು. ಚಿತ್ರದ ಹಾಳೆಗಳನ್ನು ಕೊಳವೆಯಲ್ಲಿ ಸುತ್ತಿ ಕಂಡಕ್ಟರನ ಕೈಗೆ ಕೊಡುತ್ತಿದ್ದರು, ನಾನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಬಸ್ಸು ಕಾಯುವ ಹೊತ್ತಿಗೆ ಅಲ್ಲೇ ಬಾಬಣ್ಣನ ಪೇಪರ್ ಅಂಗಡಿಯ ಬೆಂಚು ನನ್ನ ಆಫೀಸು.

ಆಗ ಒಬ್ಬ ಮಹಾವೀರನ ಕಾಮಿಕ್ಸ್ ಬರುತ್ತದೆ ಅಂತ ಊರೆಲ್ಲ ಗುಲ್ಲು. ಬಸ್ಸುಗಳ ಬೆನ್ನ ಮೇಲೆ ಅವನ ಚಿತ್ರ. ಬೆಟ್ಟದಿಂದ ಬೆಟ್ಟಕ್ಕೆ ಹಾರುವ ಭಂಗಿ, ಕೆಳಗೆ 'ಬರುತ್ತಿದ್ದಾನೆ' ಅಂತ ಒಂದೇ ಮಾತು. ಬಾಬಣ್ಣನ ಅಂಗಡಿ ಮುಂದೆ ಹುಡುಗರು ದಿನಾ ಬಂದು, "ಬಂದ್ನಾ?" ಅಂತ ಕೇಳಿ ಹೋಗುತ್ತಿದ್ದರು. ಅದಕ್ಕೆ ಅಕ್ಷರ ಬರೆಯುತ್ತಿದ್ದ ನನಗೂ ಆ ವೀರ ಕೊನೆಯಲ್ಲಿ ಏನು ಮಾಡುತ್ತಾನೆ ಅಂತ ಗೊತ್ತಿರಲಿಲ್ಲ. ಕೊನೆಯ ಪುಟಗಳು ಇನ್ನೂ ಬರಬೇಕಿತ್ತು. ಅವು ಬರುವ ದಿನ ಕಂಡಕ್ಟರಿಗೆ ಮರೆತುಹೋಗಿ ಕೊಳವೆ ಬಸ್ಸಿನಲ್ಲೇ ಮುಂದಕ್ಕೆ ಹೋಯಿತು. ಮಾರನೆಯ ದಿನ ಅಚ್ಚಿಗೆ ಹೋಗಬೇಕು. ಬಾಬಣ್ಣ ಅಂಗಡಿಗೆ ಅರ್ಧ ಬಾಗಿಲು ಎಳೆದು, "ಹತ್ತು ಮಾರಾಯ" ಅಂತ ಸ್ಕೂಟರು ತೆಗೆದ. ಬಣಕಲ್ಲಿನಲ್ಲಿ ಕೇಳಿದರೆ, "ಈಗಷ್ಟೇ ಹೋಯ್ತು" ಅಂದರು. ತಿರುವು ತಿರುವಿನಲ್ಲೂ ಬಸ್ಸಿನ ಬೆನ್ನು ಕಂಡ ಹಾಗಾಗುವುದು, ಹತ್ತಿರ ಹೋದರೆ ಮರದ ಲಾರಿ. ಕೊಟ್ಟಿಗೆಹಾರದಲ್ಲಿ ಬಸ್ಸು ಟೀಗೆ ನಿಂತಿತ್ತು, ಬಚಾವಾದೆವು.

ಅಲ್ಲೇ ಹೋಟೆಲಿನ ಮೇಜಿನ ಮೇಲೆ ಕೊಳವೆ ಬಿಚ್ಚಿದೆವು. ವೀರನೂ ವೈರಿಯೂ ಎದುರುಬದುರು ನಿಂತಿದ್ದರು. ಮುಂದಿನ ಪುಟದಲ್ಲೂ ನಿಂತಿದ್ದರು. ಅದರ ಮುಂದಿನ ಪುಟದಲ್ಲಿ ವೀರ ನಾಡು ನುಡಿಯ ಬಗ್ಗೆ ಭಾಷಣ ಮಾಡುತ್ತಾನೆ, ವೈರಿ ತಲೆ ತಗ್ಗಿಸುತ್ತಾನೆ, ಕಥೆ ಮುಗಿಯುತ್ತದೆ. ಹೊಡೆದಾಟ ಇಲ್ಲ, ಹಾರಾಟವೂ ಇಲ್ಲ. ಬಾಬಣ್ಣ ಟೀ ಲೋಟ ಕೆಳಗಿಟ್ಟು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿದ.

"ಧರ್ಮಣ್ಣ, ಇಷ್ಟೇನಾ ಮಾರಾಯ? ಇದನ್ನ ಹಿಡಿಯಕ್ಕಾ ನಾವು ಜೀವ ಕೈಲಿ ಹಿಡ್ಕಂಡು ಬಂದಿದ್ದು?"

ಪುಸ್ತಕ ಬಂದ ಮೇಲೆ ಹುಡುಗರೂ ಅದನ್ನೇ ಕೇಳಿದರು. ಎರಡನೆಯ ಸಂಚಿಕೆ ಬರಲೇ ಇಲ್ಲ.

ಆಮೇಲೆ ಹೊರದೇಶದ ಒಂದು ದಪ್ಪ ಚಿತ್ರಕಾದಂಬರಿ ಕನ್ನಡಕ್ಕೆ ಬಂತು. ಲೋಕವೇ ಮೆಚ್ಚಿದ ಪುಸ್ತಕ ಅಂತ ಪ್ರಚಾರ. ಅದರ ಬಲೂನುಗಳೆಲ್ಲ ಇಂಗ್ಲಿಷಿನ ಅಳತೆಗೆ ಬರೆದಂಥವು. ಅವರ ಅಕ್ಷರಗಳು ಗೆರೆ ಹಿಡಿದು ಸಾಲಾಗಿ ನಿಲ್ಲುತ್ತವೆ, ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನವರ ತಲೆ ಮೇಲೆ ಕಾಲು ಇಳಿಬಿಟ್ಟು ಕೂರುತ್ತವೆ. ಅಷ್ಟರ ಮೇಲೆ ಅನುವಾದ ಮಾಡಿದವರು ಒಂದು ಮಾತಿದ್ದಲ್ಲಿ ನಾಲ್ಕು ಮಾತು ಬರೆದಿದ್ದರು. ಅಕ್ಷರ ಇರುವೆಯಷ್ಟು ಸಣ್ಣದಾಯಿತು. ಓದಿದವರಿಗೆ ಕಣ್ಣುನೋವು ಬಂತೇ ಹೊರತು ಲೋಕ ಯಾಕೆ ಮೆಚ್ಚಿತು ಅಂತ ತಿಳಿಯಲಿಲ್ಲ. ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು, ಪಾಪ. ಅವಕ್ಕೆ ಉಸಿರಾಡಲು ಜಾಗ ಇರಲಿಲ್ಲ ಅಷ್ಟೇ.

ಹೊಸಬರು ಇದನ್ನು ತಿಳಿದುಕೊಂಡಿರಬೇಕು. ಪುಸ್ತಕದ ಪ್ರಚಾರ ಜೋರಾದಷ್ಟೂ ಬಲೂನು ದೊಡ್ಡದಾಗುತ್ತದೆ. ಎಲ್ಲರಿಗೂ ಏನಾದರೂ ಹೇಳಬೇಕು ಅನ್ನಿಸುತ್ತದೆ. ಆ ಎಲ್ಲ ಮಾತು ಕೊನೆಗೆ ಬಂದು ಬೀಳುವುದು ಅಕ್ಷರ ಬರೆಯುವವರ ಮೇಜಿಗೆ. ಪುಸ್ತಕ ಸೋಲುತ್ತದೆ ಅಂತ ಓದುಗರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಹೇಳಿದರೆ ಕೇಳುವವರಿಲ್ಲ.

ಕಾಲ ಬದಲಾಯಿತು. ಕುಂಚ ಹೋಗಿ ನಿಬ್ಬು ಬಂತು, ನಿಬ್ಬು ಹೋಗಿ ಕಂಪ್ಯೂಟರು ಬಂತು. ಬಸ್ಸಿನ ಕೊಳವೆಯೂ ನಿಂತು, ಪುಟಗಳು ಇಮೇಲಿನಲ್ಲೇ ಬರತೊಡಗಿದವು. ಹಾಗೆ ಬಂದ ಕೊನೆಯ ದೊಡ್ಡ ಕೆಲಸ ಚೈತ್ರಳ ಪುಸ್ತಕ.

ಚೈತ್ರ ಕಳಸದ ಕಡೆಯ ಹುಡುಗಿ. ಅವಳ ತಾಯಿ ಗಿರಿಜಕ್ಕ ಮೊದಲಿಂದಲೂ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ದವರು. ಮಗಳು ಚಿತ್ರಕಲೆ ಓದಿ, ತಾಯಿಯ ಕಥೆಯನ್ನೇ ಇಡೀ ಪುಸ್ತಕವಾಗಿ ಬರೆದಿದ್ದಳು. ಮಾತು ಬಹಳ ಕಡಿಮೆ, ಎಲ್ಲ ಚಿತ್ರದಲ್ಲೇ. ಅದನ್ನು ನೋಡಿದ ನಮ್ಮ ಪ್ರಕಾಶನದವರು ಇದು ದೊಡ್ಡ ಪುಸ್ತಕವಾಗಬೇಕು ಅಂದುಕೊಂಡು, ಹೆಸರಾಂತ ಸಾಹಿತಿಯೊಬ್ಬರಿಂದ ಮಾತು ಬರೆಸಿದರು. ಅಲ್ಲಿಂದ ಶುರುವಾಯಿತು ನೋಡಿ. ಪೇಪರಿನಲ್ಲಿ ಮುನ್ನೋಟ, ಮೊಬೈಲಿನಲ್ಲಿ ವಿಡಿಯೋ, ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸು. 'ಕಾಫಿ ನಾಡಿನ ಕಣ್ಣೀರ ಮಹಾಕಾವ್ಯ' ಅಂತ.

"ಎಂತದು ಧರ್ಮಣ್ಣ ಇದು? ಅವ್ವ ಎಲ್ಲೂ ಅತ್ತಿಲ್ಲ ಅದ್ರಲ್ಲಿ" ಅಂತ ಚೈತ್ರ ಫೋನಿನಲ್ಲಿ ಕೇಳಿದಳು. ಹಿಂದಿನ ದಿನ ಅವಳಿಗೆ ಮಾತಿನ ಹಾಳೆ ಸಿಕ್ಕಿತ್ತಂತೆ.

ಪುಟಗಳಿಗೆ ನಾನು ಮಾತು ತುಂಬುತ್ತ ಹೋದೆ. ತೋಟದ ಮಂಜು ಮುಚ್ಚಿತು. ಕುಕ್ಕೆ ಹಿಡಿದ ಕೈಗಳು ಮುಚ್ಚಿದವು. ಬರೆದುಕೊಟ್ಟದ್ದನ್ನು ಕೂರಿಸುವುದು ನನ್ನ ಕೆಲಸ, ಕೂರಿಸಿದೆ. ಕೊನೆಯ ಪುಟಕ್ಕೆ ಬಂದಾಗ ಕೈ ನಿಂತಿತು.

ಆ ಪುಟದ ವಿಚಾರ ಹೇಳಬೇಕು. ಕೆಲಸದವರು ಜೀಪಿನ ಹಿಂದೆ ಒಬ್ಬರಿಗೊಬ್ಬರು ಒತ್ತಿಕೊಂಡು ಹೋಗುವುದು ನಮ್ಮ ಕಡೆ ದಿನದ ನೋಟ. ಮುಂದಿನ ಸೀಟು ಸಾಹುಕಾರರಿಗೆ, ಇಲ್ಲದಿದ್ದರೆ ರೈಟರಿಗೆ. ಗಿರಿಜಕ್ಕ ಕೆಲಸ ಬಿಟ್ಟ ದಿನ ಡ್ರೈವರು ಮುಂದಿನ ಬಾಗಿಲು ತೆಗೆದು, "ಇವತ್ತು ಇಲ್ಲಿ ಹತ್ತಿ ಅಕ್ಕ" ಅಂದನಂತೆ. ಚೈತ್ರ ಬರೆದಿದ್ದದ್ದು ಜೀಪಿನ ಮುಂದಿನ ಗಾಜು, ಅದರ ಹಿಂದೆ ತಾಯಿಯ ಮುಖ, ಪುಟದ ತುಂಬ. ನಗುವೂ ಅಲ್ಲ, ಅಳುವೂ ಅಲ್ಲ. ತುಟಿ ಗಟ್ಟಿಯಾಗಿ ಮುಚ್ಚಿತ್ತು.

ಆ ಮುಖದ ಮೇಲೆ ನಾನು ಸಾಹಿತಿಗಳ ಒಂದು ಉದ್ದ ಮಾತು ಕೂರಿಸಬೇಕಿತ್ತು. ಈ ಗಿರಿಗಳ ಹಸಿರು ನನ್ನ ಬೆವರು, ಈ ಹಣ್ಣಿನ ಕೆಂಪು ನನ್ನ ನೆತ್ತರು ಅಂತ ಶುರುವಾಗಿ, ಎರಡು ಪ್ಯಾರಾ ಹೋಗುತ್ತಿತ್ತು. ಕೆಟ್ಟ ಮಾತೇನಲ್ಲ. ವೇದಿಕೆ ಮೇಲೆ ಹೇಳಿದರೆ ಚಪ್ಪಾಳೆ ಬೀಳುವಂಥದ್ದೇ.

ಸಂಜೆಯೊಳಗೆ ಫೈಲು ಪ್ರೆಸ್ಸಿಗೆ ಹೋಗಬೇಕಿತ್ತು. ಚೈತ್ರ ಬೆಳಗಿನ ಬಸ್ಸಿಗೇ ಕಳಸದಿಂದ ಹೊರಟು ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಳು. ನನ್ನ ಹೆಂಡತಿ ಸರೋಜ ಕೊಟ್ಟ ಕಾಫಿ ಆರಿ ಕೆನೆಗಟ್ಟಿತ್ತು. ನಾನು ಬಲೂನನ್ನು ಪರದೆಯ ಮೇಲೆ ಎಡಕ್ಕೆ ತಂದೆ, ಹಣೆ ಮುಚ್ಚಿತು. ಬಲಕ್ಕೆ ತಂದೆ, ಕಣ್ಣು ಮುಚ್ಚಿತು. ಕೆಳಕ್ಕೆ ಇಳಿಸಿದರೆ ಬಾಯಿಯೇ ಹೋಯಿತು.

"ಅವ್ವನಿಗೆ ಓದಕ್ಕೆ ಬರಲ್ಲ ಧರ್ಮಣ್ಣ" ಅಂದಳು ಚೈತ್ರ. "ಭಾನುವಾರ ಬಿಡುಗಡೆಗೆ ಬರ್ತಾಳೆ. ಬೇರೆ ಪುಟ ಎಲ್ಲ ಹಾಳಾಗಿ ಹೋಗ್ಲಿ. ಆ ಪುಟದಲ್ಲಿ ಅವಳಿಗೆ ಅಂತ ಇರೋದು ಆ ಮುಖ ಒಂದೇ."

ಅಷ್ಟರಲ್ಲಿ ಮೂರ್ತಿಯವರ ಫೋನು ಬಂತು, ಈ ಪುಸ್ತಕದ ಸಂಪಾದಕರು ಅವರೇ. ಅವಳೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

"ಧರ್ಮ, ಎಲ್ಲಿಗೆ ಬಂತು?"

"ಕೊನೇ ಪುಟ ಬಾಕಿ. ಮಾತು ಕೂರ್ತಿಲ್ಲ ಮೂರ್ತಿಯವರೇ, ಮುಖ ಮುಚ್ಚಿಹೋಗ್ತದೆ. ಅದೂ ಅಲ್ದೆ ಬಾಯಿ ಮುಚ್ಚಿದೆ. ಬಾಲ ಎಲ್ಲಿಗೆ ಬಿಡ್ಲಿ? ಬಿಡಬಾರದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ?"



"ಹೇಳ್ಕೊಟ್ಟಿದ್ದೆ ಕಣಪ್ಪ. ಆದ್ರೆ ಈಗ ನಾನು ಬರೀ ಮೂರ್ತಿ ಅಲ್ಲ. ಪೇಪರ್‌ನವರೆಲ್ಲ ಹಾಕಿರೋದು ಆ ಮಾತನ್ನೇ. ಜನ ಆ ಮಾತು ಹುಡುಕ್ಕೊಂಡೇ ಪುಸ್ತಕ ತೆಗೀತಾರೆ. ಅದು ಕೊನೇಲೇ ಇರ್ಬೇಕು ಅಂತ ಸಾಹಿತಿಗಳೂ ಪಟ್ಟು ಹಿಡಿದಿದ್ದಾರೆ. ಒಂದು ಕೆಲಸ ಮಾಡು, ಆ ಹುಡುಗಿಗೆ ಹೇಳಿ ಬಾಯಿ ತೆರೆಸು."

"ಬಾಯಿ ತೆರೆಸೋದಾ?"

"ತುಟಿ ಅಷ್ಟೇ, ಎರಡು ಗೆರೆ. ಆಗಲ್ಲ ಅಂದ್ರೆ ಫೈಲು ಕಳಿಸು, ಇಲ್ಲಿ ನಮ್ಮ ಹುಡುಗರ ಹತ್ರ ಮಾಡಿಸ್ತೀನಿ. ಟೈಮಿಲ್ಲ ಧರ್ಮ."

ಫೋನು ಇಟ್ಟರು. ಚೈತ್ರ ನನ್ನ ಮುಖ ನೋಡಲಿಲ್ಲ. ಚೀಲದಿಂದ ಕಂಪ್ಯೂಟರಿಗೆ ಹಚ್ಚಿ ಚಿತ್ರ ಬರೆಯುವ ತನ್ನ ಪೆನ್ನು, ಹಲಗೆ ತೆಗೆದು, "ಸರಿ ಧರ್ಮಣ್ಣ" ಅಂದಳು. "ಯಾರೋ ತೆರೆಯೋದಕ್ಕಿಂತ ನಾನೇ ತೆರೀತೀನಿ."

ಅವಳು ತಾಯಿಯ ಕೆಳತುಟಿಯನ್ನು ಅಳಿಸಿದಳು. ಹೊಸ ಗೆರೆ ಎಳೆದಳು. ಬಾಯಿ ತೆರೆಯಿತು. ಮುಖ ಹೇಗೆ ಬದಲಾಯಿತು ಅಂದರೆ, ಅಲ್ಲಿ ಯಾವಳೋ ಒಬ್ಬಳು ಜೀಪಿನಲ್ಲಿ ಕೂತು ಕೂಗುತ್ತಿದ್ದ ಹಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಕೀಂ ಕೀಂ ಅಂತ ಹೊಡೆದುಕೊಳ್ಳತೊಡಗಿತು. ಅದು ಹಳೆಯದು, ಹೆಚ್ಚು ಹೊತ್ತು ತಡೆಯುವುದಿಲ್ಲ.

"ಅದನ್ನ ಹಾಗೇ ಇಡಬೇಡ. ಮುಚ್ಚು" ಅಂದೆ.

ಅವಳು ಮೊದಲಿದ್ದ ತುಟಿಯನ್ನು ವಾಪಸು ತಂದಳು. ನನಗೆ ಏನನ್ನಿಸಿತೋ, "ಮಾರಾಯ್ತಿ, ನಿಜಕ್ಕೂ ಆಗ ನಿಮ್ಮವ್ವ ಏನಾದ್ರೂ ಅಂದಿದ್ರಾ?" ಅಂತ ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅಲ್ಲೇ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಅವ್ವಾ, ಅವತ್ತು ಜೀಪಲ್ಲಿ ಮುಂದೆ ಕೂತೆಯಲ್ಲ, ಆಗ ಎಂತ ಅಂದೆ?"

"ಎಂತ ಅಂತಾರೆ ಅದಕ್ಕೆ?" ಗಿರಿಜಕ್ಕನ ದನಿಯ ಹಿಂದೆ ಕೋಳಿ ಕೂಗುತ್ತಿತ್ತು. "ಸುಮ್ನೆ ಕೂತಿದ್ದೆ."

"ಏನೂ ಅನ್ಲಿಲ್ವಾ?"

"ಸುಮಾರು ದೂರ ಹೋದಮೇಲೆ, ಬಾಗ್ಲು ಸರೀಗೆ ಬಿತ್ತೇನೋ ತಮ್ಮ ಅಂದೆ. ಹಿಂದೆ ನಿಂತ್ಕಂಡು ಹೋಗೋರಿಗೆ ಬಾಗ್ಲ ಗೊಡವೆ ಎಲ್ಲಿತ್ತು? ಹೆದರಿಕೆ ಆಗದೆ ಇರ್ತದಾ? ಯಾಕೆ, ಊಟ ಆಯ್ತಾ ನಿಂದು?"

ಫೋನಿಟ್ಟು ಚೈತ್ರ ನಕ್ಕಳು, ಹಿಂದೆಯೇ ಕಣ್ಣು ಒರೆಸಿಕೊಂಡಳು. ಆ ಮುಖದಲ್ಲಿ ನಗುವೂ ಅಳುವೂ ಅಲ್ಲದ್ದು ಏನು ಅಂತ ನನಗೆ ಆಗ ತಿಳಿಯಿತು. ಬಾಗಿಲು ಬಿದ್ದಿದೆಯೋ ಇಲ್ಲವೋ ಅನ್ನುವ ದಿಗಿಲು ಅದು. ಕೇಳಲೋ ಬೇಡವೋ ಅಂತ ತುಟಿ ಬಿಗಿಹಿಡಿದದ್ದು. ಚೈತ್ರ ಕಾಣದೆಯೇ ಅದನ್ನು ಬರೆದಿದ್ದಳು.

ಇನ್ನು ಈ ಬಾಯಿ ಯಾರೂ ತೆರೆಯಕೂಡದು ಅನ್ನಿಸಿತು. ಆದರೆ ಮೂರ್ತಿಯವರ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ. ಜಗಳಕ್ಕೆ ನಿಂತರೆ ಬೆಂಗಳೂರಿನಲ್ಲಿ ಎರಡು ಗೆರೆ ಎಳೆದುಬಿಡುತ್ತಾರೆ. ಅಚ್ಚಿನ ಪುಟಗಳು ಎಂಟು, ಹದಿನಾರರ ಕಟ್ಟಾಗಿ ಬರುತ್ತವೆ, ಕೊನೆಗೆ ಒಂದೋ ಎರಡೋ ಖಾಲಿ ಉಳಿಯುತ್ತವೆ ಅನ್ನುವುದು ನೆನಪಾಯಿತು. ಪುಟ ತಿರುಗಿಸಿ ನೋಡಿದೆ. ಗಿರಿಜಕ್ಕನ ಮುಖ ಎಡಗಡೆಯ ಪುಟ. ಅದರ ಎದುರಿಗೆ, ಬಲಗಡೆ, ಜಾಹೀರಾತಿಗೆ ಬಿಟ್ಟ ಒಂದು ಖಾಲಿ ಪುಟ.

ಮೂರ್ತಿಯವರಿಗೆ ಫೋನು ಹಚ್ಚಿದೆ. "ಅವರ ಮಾತಿಗೆ ಬಲೂನು ಯಾಕೆ? ಕೊನೇಲಿ ಒಂದು ಇಡೀ ಪುಟಾನೇ ಕೊಡಾಣ. ಚಿತ್ರ ಇಲ್ಲ, ಏನೂ ಇಲ್ಲ, ಅವರ ಮಾತು ಒಂದೇ. ಅದಕ್ಕಿಂತ ಕೊನೆ ಯಾವುದಿದೆ?"

ಮೂರ್ತಿಯವರು "ಕೇಳಿ ಹೇಳ್ತೀನಿ" ಅಂದರು.

ಕಾಯುವುದು ಶುರುವಾಯಿತು. ಯುಪಿಎಸ್ಸಿನ ಕೂಗು ಜೋರಾಯಿತು. ಚೈತ್ರ ಒಂದೊಂದೇ ಉಗುರು ಕಚ್ಚುತ್ತಿದ್ದಳು. ನಾನು ಪುಟವನ್ನು ಪೆನ್ ಡ್ರೈವಿಗೆ ಹಾಕಿ ಕಿಸೆಯಲ್ಲಿಟ್ಟುಕೊಂಡೆ, ಕಂಪ್ಯೂಟರು ಸತ್ತರೂ ಮುಖ ಉಳಿಯಲಿ ಅಂತ. ಇಟ್ಟುಕೊಂಡ ಸ್ವಲ್ಪ ಹೊತ್ತಿಗೇ ಪರದೆ ಕಪ್ಪಾಯಿತು. ಆಮೇಲೆ ಫೋನು ಬಂತು.

"ಒಪ್ಪಿದ್ರು ಧರ್ಮ. ಇಡೀ ಪುಟ ಅಂದ ತಕ್ಷಣ ಖುಷಿಯಾದ್ರು. ಆದ್ರೆ ಅದು ಕಂಪ್ಯೂಟರ್ ಅಕ್ಷರ ಆಗಬಾರದಂತೆ, ನಿನ್ನ ಕೈಬರಹವೇ ಆಗಬೇಕಂತೆ. ಸಂಜೆ ಒಳಗೆ ಆಗುತ್ತಾ?" ದನಿ ತಗ್ಗಿಸಿ ಮತ್ತೆ ಹೇಳಿದರು. "ಬಾಯಿ ಮುಚ್ಚೇ ಇರ್ಲಿ ಬಿಡು."

ಅದು ನನ್ನ ಹಳೆಯ ಮೂರ್ತಿಯವರ ದನಿ.

ಕುಂಚ ಹಿಡಿದು ಎಷ್ಟೋ ಕಾಲವಾಗಿತ್ತು. ಮೊದಲ ಹಾಳೆಯಲ್ಲಿ 'ಗಿರಿಗಳ' ಅನ್ನುವಾಗಲೇ ಮಸಿ ತೊಟ್ಟಿಕ್ಕಿ ಹಾಳಾಯಿತು. ಎರಡನೆಯದರಲ್ಲಿ ಸಾಲು ಡೊಂಕಾಯಿತು. ಬೆಳಕು ಇಳಿಯುತ್ತಿತ್ತು, ಸರೋಜ ಮೇಜನ್ನೇ ಕಿಟಕಿಯ ಹತ್ತಿರಕ್ಕೆ ನೂಕಿದಳು. ಮೂಟೆ ಮೇಲೆ ಬರೆಯುತ್ತಿದ್ದೇನೆ, ಲಾರಿ ಅಂಗಳದಲ್ಲಿ ನಿಂತಿದೆ ಅಂದುಕೊಂಡೆ. ಮೂರನೆಯದು ಸರಿಯಾಗಿ ಬಂತು. ಚೈತ್ರ ಮೊಬೈಲಿನಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಪೆನ್ ಡ್ರೈವು ಹಿಡಿದು, ಕರೆಂಟೂ ನೆಟ್‌ವರ್ಕೂ ಎರಡೂ ಇರುವ ಸೈಬರ್ ಅಂಗಡಿ ಹುಡುಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. 'ಹೋಯ್ತು' ಅಂತ ಅವಳ ಒಂದೇ ಪದದ ಮೆಸೇಜು ಬರುವವರೆಗೆ ನಾನು ಕುಂಚ ಕೆಳಗಿಡಲಿಲ್ಲ.

ಭಾನುವಾರ ಮೂಡಿಗೆರೆಯ ಸಭಾಭವನ ತುಂಬಿತ್ತು. ಸಾಹಿತಿಗಳು ಚೆನ್ನಾಗಿಯೇ ಮಾತಾಡಿದರು. ಆದರೆ ಪುಸ್ತಕ ಕೈಗೆ ಬಂದ ಮೇಲೆ ಜನರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು, ಹಿಂದಿನ ಸಾಲಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಬೇಗ ಬೇಗ ಪುಟ ತಿರುಗಿಸುತ್ತಿದ್ದರು. ಮಂಜು, ಕೈ, ಕುಕ್ಕೆ ಎಲ್ಲ ಮಾತಿನಡಿ ಹೂತುಹೋಗಿದ್ದವು. ಅಂಗಡಿ ಮಗನಿಗೆ ಬಿಟ್ಟು ತಡವಾಗಿ ಬಂದಿದ್ದ ಬಾಬಣ್ಣ ನನ್ನ ಹತ್ತಿರ ಬಂದು ಕಿವಿಯಲ್ಲಿ, "ಧರ್ಮಣ್ಣ, ಇಷ್ಟೇನಾ?" ಅಂದ. ಪಕ್ಕದಲ್ಲೇ ಚೈತ್ರ ನಿಂತಿದ್ದಳು. ಕೇಳಿಸಿತು. ಬಾಬಣ್ಣನಿಗೆ ಪಾಪ, ಅವಳು ಯಾರು ಅಂತ ಗೊತ್ತಿರಲಿಲ್ಲ. "ಕೊನೇದೊಂದು ಚಿತ್ರ ಮಾತ್ರ ಬಿಡಕ್ಕೆ ಮನಸ್ಸಾಗ್ತಿಲ್ಲ ಮಾರಾಯ" ಅಂತ ಅವನೇ ಸೇರಿಸಿದ.

ಗಿರಿಜಕ್ಕ ಮುಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪುಸ್ತಕವನ್ನು ಮಡಿಲಲ್ಲಿಟ್ಟು ಕೊನೆಯ ಪುಟ ತೆರೆದಿದ್ದರು. ಎಷ್ಟೋ ಹೊತ್ತು ಹಾಗೇ ನೋಡಿದರು. ಸೆರಗಿನಿಂದ ಆ ಚಿತ್ರದ ಗಾಜನ್ನು ಒಂದು ಸಲ ಒರೆಸಿದರು, ನಿಜವಾದ ಗಾಜು ಒರೆಸುವ ಹಾಗೆ. ನಾನೂ ಚೈತ್ರಳೂ ಹೋಗಿ ಪಕ್ಕದಲ್ಲಿ ನಿಂತೆವು.

ಗಿರಿಜಕ್ಕ ತಲೆ ಎತ್ತಿ ನನ್ನನ್ನು ನೋಡಿ, ಎದುರು ಪುಟದ ಮೇಲೆ ಬೆರಳಿಟ್ಟರು.

"ಇದು ನೀವು ಬರೆದದ್ದಂತೆ? ದುಂಡಗೆ ಚೆಂದ ಅದೆ. ಎಂತ ಅಂತ ಬರೆದೀರಿ?"

ನಾನು ಚೈತ್ರಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

"ಬಾಗ್ಲು ಸರೀಗೆ ಬಿತ್ತೇನೋ ತಮ್ಮ ಅಂತ" ಅಂದೆ.

ಗಿರಿಜಕ್ಕ ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಷ್ಟಕ್ಕೆ ಇಷ್ಟುದ್ದ ಬರೀಬೇಕಿತ್ತಾ?"